ಎರಡನೇ ಅಪ್ಪಿ

ರಕ್ತ ಇದೆ, ಆ ರಕ್ತದ ಮನುಷ್ಯರಿಲ್ಲ. ಮನಸ್ಸಿನಲ್ಲೇ ಹಾಗೆಂದುಕೊಂಡ ಮೇಲೆ ಸೌಮ್ಯಶ್ರೀಗೆ ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ಕುಂದಾಪುರ ಪೇಟೆಯ ಒಂದು ಔಷಧದಂಗಡಿಯ ಮಹಡಿಯ ಮೇಲಿನ ಎರಡು ಕೋಣೆಯ ಕಚೇರಿ ಅದು. ಕರಾವಳಿಯ ಹಳ್ಳಿಗಳಲ್ಲಿ ಮೂತ್ರಪಿಂಡದ ಕಾಯಿಲೆ ಎಷ್ಟಿದೆ ಎಂದು ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಹುಡುಗರು ಮನೆಮನೆಗೆ ಹೋಗಿ ಟ್ಯಾಬಿನಲ್ಲಿ ಹೆಸರು, ವಯಸ್ಸು, ಕಾಯಿಲೆ ಕಸಾಲೆ ಎಲ್ಲ ತುಂಬಿಸಿ ರಕ್ತ ತೆಗೆದುಕೊಂಡು ಬರುತ್ತಿದ್ದರು. ಅದನ್ನೆಲ್ಲ ಡೇಟಾಬೇಸಿನಿಂದ ಇಳಿಸಿಕೊಂಡು, ತಪ್ಪುಗಳನ್ನು ತೆಗೆದು, ಲ್ಯಾಬಿನಿಂದ ಬಂದ ಅಂಕಿಗಳ ಜೊತೆ ಜೋಡಿಸಿ, ಲೆಕ್ಕಕ್ಕೆ ತಯಾರು ಮಾಡುವುದು ಸೌಮ್ಯಶ್ರೀಯ ಕೆಲಸ. ಅದಕ್ಕಾಗಿ ಅವಳು ಬರೆದ ಕೋಡ್ ಒಂದು ಸಲ ಗುಂಡಿ ಒತ್ತಿದರೆ ತಾನೇ ತಾನಾಗಿ ಓಡುತ್ತಿತ್ತು. ಅದರ ಬಗ್ಗೆ ಅವಳಿಗೊಂದು ಗುಟ್ಟಿನ ಹೆಮ್ಮೆಯೂ ಇತ್ತು. ಈಗ ಈ ಸಂಶೋಧನೆಯ ಪ್ರಬಂಧ ಓದಿದ ಯಾರೋ ದೂರದ ಪರಿಶೀಲಕರು ಒಂದು ಪ್ರಶ್ನೆ ಕಳಿಸಿದ್ದರು: ರಕ್ತ ಕೊಟ್ಟವರಿಗಿಂತ ಲೆಕ್ಕಕ್ಕೆ ಸೇರಿದವರು ಒಬ್ಬರು ಕಡಿಮೆ ಇದ್ದಾರಲ್ಲ, ಯಾಕೆ? ಒಂದು ಮಾತಿನ ಉತ್ತರ ಬರೆದರಾಯಿತು ಎಂದು ಅವಳು ಎಲ್ಲವನ್ನೂ ಹೊಸದಾಗಿ ಇಳಿಸಿಕೊಂಡು ಓಡಿಸಿದ್ದಳು. ಜೋಡಿ ಸಿಗದೆ ಉಳಿದದ್ದು ಒಂದೇ ಒಂದು ರಕ್ತದ ಫಲಿತಾಂಶ. ಅದರ ಮುಂದಿದ್ದ ಕ್ರಿಯಾಟಿನಿನ್, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಅಂಶ, ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚಿತ್ತು.

ಅದು ಯಾರ ರಕ್ತ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊತ್ತು ಹಿಡಿದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನಿಸಿತು. ಕೋಡಿನ ಮೇಲ್ಭಾಗದಲ್ಲೇ ಅವಳು ಬರೆದ ಸಾಲೊಂದಿತ್ತು. ಮನೆ ನಂಬರು, ಹೆಸರು, ವಯಸ್ಸು, ಗಂಡೋ ಹೆಣ್ಣೋ, ಈ ನಾಲ್ಕೂ ಒಂದೇ ಆಗಿದ್ದರೆ ಮೊದಲಿನದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡು ಎನ್ನುವ ಸಾಲು. ನೆಟ್‌ವರ್ಕ್ ಸಿಗದ ಕಡೆ ಹುಡುಗರು ಗುಂಡಿಯನ್ನು ಎರಡೆರಡು ಸಲ ಒತ್ತಿದಾಗ ಒಬ್ಬರೇ ಇಬ್ಬರಾಗಿ ಸೇರಿಕೊಳ್ಳುತ್ತಿದ್ದರು, ಅದಕ್ಕಾಗಿ ಬರೆದದ್ದು. ಕೆರಾಡಿಯ ಕಡೆಯಿಂದ ಬಂದದ್ದರಲ್ಲಿ ಅಂಥವೇ ತುಂಬ. ಆ ಸಾಲು ಬಿಟ್ಟ ಪ್ರತಿಯೊಂದನ್ನೂ ಅವಳು ತೆರೆದು ನೋಡಿದಳು. ಉಳಿದವೆಲ್ಲ ನಿಜವಾಗಿಯೂ ಎರಡು ಸಲ ಒತ್ತಿದವೇ. ನಾವುಂದದ ಒಂದು ಮನೆಯದು ಮಾತ್ರ ಹಾಗಿರಲಿಲ್ಲ. ಅಪ್ಪಿ, ಅರವತ್ತು, ಹೆಣ್ಣು. ಅಪ್ಪಿ, ಅರವತ್ತು, ಹೆಣ್ಣು. ವಯಸ್ಸು ಗೊತ್ತಿಲ್ಲದ ಹೆಂಗಸರಿಗೆಲ್ಲ ಹುಡುಗರು ಅರವತ್ತೆಂದು ಬರೆಯುತ್ತಿದ್ದರು. ಆದರೆ ರಕ್ತದ ಸೀಸೆಯ ಸಂಖ್ಯೆ ಬೇರೆ ಬೇರೆ. ಅವಳ ಕೋಡ್ ನೋಡದೆ ಬಿಟ್ಟ ಇನ್ನೊಂದು ಕಾಲಂನಲ್ಲಿ ಒಬ್ಬಳು ಯಜಮಾನನ ಹೆಂಡತಿ, ಇನ್ನೊಬ್ಬಳು ಯಜಮಾನನ ತಂಗಿ. ರಕ್ತ ಕೆಟ್ಟಿದ್ದದ್ದು ತಂಗಿಯದು. ಕಳೆದ ದೀಪಾವಳಿಗೆ ಮುಂಚೆ, ಫಲಿತಾಂಶ ಸರಿಯಿಲ್ಲದವರಿಗೆಲ್ಲ ಫೋನ್ ಮಾಡಿ ಡಾಕ್ಟರಲ್ಲಿಗೆ ಕರೆಸಿದ್ದರು. ಯಾರು ಯಾರಿಗೆ ಫೋನ್ ಮಾಡಬೇಕು ಎಂದು ತೆಗೆದುಕೊಟ್ಟದ್ದು ಸೌಮ್ಯಶ್ರೀಯ ಇದೇ ಕೋಡ್. ಈಗ ಹೊರಗೆ ಏಪ್ರಿಲಿನ ಬಿಸಿಲು.

ಫ್ಯಾನಿನ ಗಾಳಿಗೆ ಅಲುಗುತ್ತಿದ್ದ ಕ್ಯಾಲೆಂಡರಿನ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಗಿ ಕೇಳಿಸಿತು. ಅವಳು ಮೊದಲು ಮಾಡಿದ ಕೆಲಸವೆಂದರೆ ಪರದೆಯ ಕಿಟಕಿಯನ್ನು ಚಿಕ್ಕದು ಮಾಡಿದ್ದು. ಹಿಂದೆ ಯಾರೂ ನಿಂತಿರಲಿಲ್ಲ, ಆದರೂ ಮಾಡಿದಳು. ಮಾಡಿದ ಮೇಲೆ ಆ ಕೈಚಳಕಕ್ಕೆ ನಾಚಿಕೆಯಾಯಿತು. ಸಣ್ಣವಳಿದ್ದಾಗ ಅಪ್ಪ ಚೆನ್ನಯ್ಯನ ಜೊತೆ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತದ್ದು ಯಾಕೋ ನೆನಪಾಯಿತು. ನರ್ಸ್ ಬಾಗಿಲಲ್ಲಿ ನಿಂತು ಚೆನ್ನಯ್ಯ ಎಂದು ಕೂಗಿದಾಗ ಅಪ್ಪ ಏಳುವಷ್ಟರಲ್ಲಿ ಇನ್ನೊಬ್ಬ ಚೆನ್ನಯ್ಯ ಎದ್ದು ಒಳಗೆ ಹೋಗಿದ್ದ. ನಾನೂ ಚೆನ್ನಯ್ಯನೇ ಎಂದು ಹೇಳಲು ಅಪ್ಪನಿಗೆ ಸಂಕೋಚ. ಇನ್ನೊಮ್ಮೆ ಕೂಗಿಯಾರು ಎಂದು ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕಾದರು. ಕೂಗಲಿಲ್ಲ. ಡಾಕ್ಟರು ಎದ್ದು ಹೋದ ಮೇಲೆ ಅಪ್ಪ ಮಗಳು ಬ್ರಹ್ಮಾವರದ ಬಸ್ಸು ಹಿಡಿದು ಮನೆಗೆ ಬಂದರು. ದಾರಿಯುದ್ದಕ್ಕೂ ಅವಳು ಅಪ್ಪನ ಮೇಲೆ ಸಿಟ್ಟಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಎದ್ದು ಹೇಳಬಾರದಿತ್ತಾ, ಬಾಯಿ ಇರಲಿಲ್ಲವಾ ಎಂದು.

"ಎಂತ, ಉತ್ತರ ಸಿಕ್ತಾ?" ಎನ್ನುತ್ತ ರಾಜೇಂದ್ರ ಡಾಕ್ಟರು ಒಳಗೆ ಬಂದರು. ಸಂಶೋಧನೆಯ ಮುಖ್ಯಸ್ಥರು ಅವರೇ. ಒಳ್ಳೆಯ ಮನುಷ್ಯ, ಯಾರಿಗೂ ದನಿಯೆತ್ತಿ ಬೈದವರಲ್ಲ. ಸೌಮ್ಯಶ್ರೀ ಎದ್ದು ನಿಂತಳು. "ಒಂದು ರೆಕಾರ್ಡು ಬಿಟ್ಟುಹೋಗಿದೆ ಸರ್. ಎರಡು ಸಲ ಬಂದದ್ದು ಅಂದುಕೊಂಡು ಕೋಡ್ ತೆಗೆದುಹಾಕಿದೆ." ಕೋಡ್ ತೆಗೆದುಹಾಕಿದೆ. ತಾನು ಎನ್ನಲು ಬಾಯಿ ಬರಲಿಲ್ಲ. "ಒಂದೇ ಅಲ್ವಾ? ಸೇರಿಸಿ ಓಡಿಸಿ ಕಾಣಿ," ಎಂದರು ಅವರು ಕುರ್ಚಿ ಎಳೆದುಕೊಂಡು. ಅವಳು ಸೇರಿಸಿ ಓಡಿಸಿದಳು. ಸಾವಿರಾರು ಜನರ ನಡುವೆ ಒಬ್ಬಳು ಬಂದು ಕೂತರೆ ಏನಾದೀತು? ಶೇಕಡಾವಾರು ಅಲುಗಲೇ ಇಲ್ಲ. ದಶಾಂಶದ ಆಚೆ ಎಲ್ಲೋ ಒಂದು ಅಂಕಿ ಬದಲಾಯಿತು. ಡಾಕ್ಟರ ಮುಖ ಹಗುರಾಯಿತು. "ಫಲಿತಾಂಶಕ್ಕೆ ಎಂತದೂ ಆಗ್ಲಿಲ್ಲ. ಅವರಿಗೆ ಹಾಗೇ ಬರೀರಿ. ನೀವು ಇಷ್ಟು ಕೂಲಂಕಷವಾಗಿ ನೋಡಿದ್ದು ಒಳ್ಳೇದಾಯ್ತು." ಸರ್, ಆ ಹೆಂಗಸಿಗೆ ಯಾರೂ ಹೇಳಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಅವರ ಫೋನ್ ಬಂತು. ಅವರು ಮಾತಾಡುತ್ತ ಮೆಟ್ಟಿಲಿಳಿದು ಹೋದರು. ಅವರನ್ನು ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಮನೆಯವರು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದಳು. ಆ ನಂಬರು ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಮೂರು ಭಾಷೆಯಲ್ಲಿ ಹೇಳಿತು. ನಾವುಂದಕ್ಕೆ ರಕ್ತ ತೆಗೆಯಲು ಹೋಗಿದ್ದವನು ರತನ್. ಈಗ ಈ ಕೆಲಸ ಬಿಟ್ಟು ಬೈಂದೂರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ. ಅವನು ಬೈಕ್ ನಿಲ್ಲಿಸಿ ಮಾತಾಡಿದ. "ಹ್ವಾಯ್ ಮೇಡಮ್, ನೆನ್ಪಿತ್ತ್ ನಂಗೆ. ಅತ್ಗಿ ನಾದ್ನಿ ಇಬ್ರೂ ಅಪ್ಪಿಯೇ. ಒಟ್ಟಿಗೇ ಕೂಕಂಡ್ ಕೈ ಮುಂದ್ ಮಾಡಿದ್ರ್. ಹೈವೇಯಿಂದ ಕೆಳ್ಗೆ, ಸಮುದ್ರದ್ ಬದಿಗ್ ಹೋಪ ದಾರಿ. ಎಂತಕೆ ಮೇಡಮ್?" ಸುಮ್ಮನೆ ಕೇಳಿದೆ ಎಂದಳು. "ನಾ ಬರ್ದದ್ ಎಂತಾರೂ ತಪ್ಪಾಯ್ತಾ?" ಅವನ ದನಿಯಲ್ಲಿ ಹೆದರಿಕೆಯಿತ್ತು. ಅದನ್ನು ಕೇಳಿ ಅವಳಿಗೆ ಹಾಯೆನಿಸಿತು, ಹೆದರಿದವರು ಇನ್ನೊಬ್ಬರಿದ್ದಾರಲ್ಲ ಎಂದು. "ಕಾಣ್ಕ್," ಎಂದಳು, ನೋಡಬೇಕಷ್ಟೆ ಎನ್ನುವಂತೆ. ಇಲ್ಲ ಎನ್ನಬೇಕಿತ್ತು.

ತಲೆನೋವೆಂದು ಅರ್ಧ ದಿನದ ರಜೆ ಹೇಳಿ ಅವಳು ಬೈಂದೂರಿನ ಬಸ್ಸು ಹತ್ತಿದಳು. ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಹೊಳೆಯ ಸೇತುವೆ ದಾಟಿತು, ಹೆಮ್ಮಾಡಿ ದಾಟಿತು. ಮುಂದಿನ ಸೀಟಿನಲ್ಲಿ ಕೂತ ಮುದುಕಿಯ ಪಾದಗಳು ಚಪ್ಪಲಿಯ ಪಟ್ಟಿಯ ಆಚೀಚೆ ಉಬ್ಬಿದ್ದವು. ಅದು ಬಾವೋ ಅಥವಾ ಮೊದಲಿಂದಲೂ ಅವರ ಕಾಲು ಹಾಗೆಯೋ ಎಂದು ಅವಳು ನೋಡುತ್ತಲೇ ಇದ್ದಳು. ಮುದುಕಿ ತಿರುಗಿ ನೋಡಿ ಸೀರೆಯ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡರು. ಮೂತ್ರಪಿಂಡ ಸೋತವರಿಗೆ ಏನೇನಾಗುತ್ತದೆ ಎಂಬುದೆಲ್ಲ ಅವಳಿಗೆ ಕಾಲಂಗಳ ಹೆಸರಾಗಿ ಮಾತ್ರ ಗೊತ್ತಿತ್ತು: ಕಾಲುಬಾವು ಇದೆ ಒಂದು, ಇಲ್ಲ ಸೊನ್ನೆ. ವಾಂತಿ ಒಂದು, ಸೊನ್ನೆ. ಮರಣ ಎಂಬ ಕಾಲಮ್ಮೂ ಇತ್ತು. ಅದನ್ನು ತುಂಬಿಸಲು ಇನ್ನೊಂದು ಸುತ್ತು ಹೋಗಬೇಕೆಂದು ರಾಜೇಂದ್ರ ಡಾಕ್ಟರು ಹೇಳಿದ್ದರು. ಮರವಂತೆಯಲ್ಲಿ ಬಸ್ಸಿನವರೆಲ್ಲ ಸಮುದ್ರದ ಕಡೆ ತಿರುಗಿದಾಗ ಅವಳು ಇನ್ನೊಂದು ಬದಿಯ ಹೊಳೆಯನ್ನು ನೋಡಿದಳು. ನೀರು ಅಲುಗದೆ ನಿಂತಿತ್ತು. ಸತ್ತುಹೋಗಿದ್ದರೆ? ಹೋಗಿದ್ದರೆ ಇನ್ನು ಯಾರಿಗೂ ಹೇಳುವುದು ಬೇಡವಲ್ಲ ಎಂದು ಒಳಗಿನಿಂದ ಯಾರೋ ತೀರ ಮೆತ್ತಗೆ ಹೇಳಿದರು. ಆ ದನಿ ತನ್ನದೇ ಎಂದು ತಿಳಿದಾಗ ಅವಳಿಗೆ ಬಸ್ಸಿನಿಂದ ಇಳಿದುಬಿಡೋಣ ಎನಿಸಿತು. ಇಳಿದದ್ದು ನಾವುಂದದಲ್ಲೇ.

ಹೈವೇ ದಾಟಲು ಬಹಳ ಹೊತ್ತು ನಿಲ್ಲಬೇಕಾಯಿತು. ಕೆಳಗಿನ ದಾರಿಯಲ್ಲಿ ಮರಳು ಕಾಲಿಗೆ ಸಿಗುತ್ತಿತ್ತು. ಅಪ್ಪಿಯವರ ಮನೆ ಎಂದಾಗ ಅಂಗಡಿಯವನು ಬಾಯಿ ತುಂಬ ಎಲೆಯಿದ್ದುದರಿಂದ ಮಾತಾಡದೆ ಗಲ್ಲ ಎತ್ತಿ ತೋರಿಸಿದ. ಹಂಚಿನ ಮನೆ, ಅಂಗಳದಲ್ಲಿ ನೀಲಿ ಟರ್ಪಾಲಿನ ಮೇಲೆ ಹರಡಿದ ಒಣಮೀನು. ಸೊಂಟಕ್ಕೆ ಸೆರಗು ಸಿಕ್ಕಿಸಿದ ಒಬ್ಬ ಹೆಂಗಸು ಬಗ್ಗಿ ಮೀನು ಮಗುಚುತ್ತಿದ್ದಳು. ಅವಳು ಸುಗುಣ, ಆ ಮನೆಯ ಸೊಸೆ.

"ಅಪ್ಪಿಯವರು ಇದ್ದಾರಾ?"

ಸುಗುಣ ನೆಟ್ಟಗಾಗಿ ಸೌಮ್ಯಶ್ರೀಯ ಚೀಲವನ್ನೂ ಚಪ್ಪಲಿಯನ್ನೂ ನೋಡಿದಳು. "ಅಪ್ಪಿ ಅತ್ತೆ ತೀರ್ಕಂಡ್ರಲೆ. ಎರಡ್ ತಿಂಗ್ಳ್ ಆಯ್ತ್. ನಿಮ್ಗ್ ಗೊತ್ತಿಲ್ಯಾ?"

ಬಿಸಿಲು ಒಮ್ಮೆಲೇ ಬೆಳ್ಳಗಾಯಿತು. ಒಣಮೀನಿನ ವಾಸನೆ ಗಂಟಲಿನವರೆಗೂ ಇಳಿಯಿತು. ಅವಳು ಜಗಲಿಯ ಕಂಬ ಹಿಡಿದುಕೊಂಡಳು. ಅಪ್ಪಿ, ಅರವತ್ತು, ಹೆಣ್ಣು. ಕೈಗೆ ತಾಗಿದ ಕಂಬದ ಸಿಮೆಂಟು ಒರಟಾಗಿತ್ತು. ಅದನ್ನೇ ಗಮನಿಸುತ್ತಿದ್ದರೆ ಮುಂದಿನ ಮಾತು ಕೇಳಬೇಕಾಗಿಲ್ಲ ಎಂಬಂತೆ ಬೆರಳಿನಿಂದ ಅದನ್ನೇ ಸವರಿದಳು. "ಏನಾಗಿತ್ತು?" ಎಂದು ಕೇಳಿದ್ದು ಅವಳಿಗೇ ಕೇಳಿಸಲಿಲ್ಲ.

"ಎಂತ ಆಪ್ದ್. ಗಟ್ಟಿಮುಟ್ಟಿದ್ರ್. ಹೈವೇ ದಾಟುವತಿಗೆ ಲಾರಿ ಹೊಡ್ದ್ ಹೋಯ್ತ್. ಕೈಯಂಗಿದ್ದ್ ಫೋನೂ ಪುಡಿಪುಡಿ."

ಲಾರಿ. ಎದೆಯೊಳಗೆ ಏನೋ ಸಡಿಲವಾಗಿ ಮೇಲಕ್ಕೆದ್ದು ಬಂತು. ರಕ್ತ ಅಲ್ಲ, ಲಾರಿ. ತಾನಲ್ಲ, ಲಾರಿ. ಅದು ಮುಖದ ಮೇಲೆ ಬಂದಿತ್ತೆಂದು ಅವಳಿಗೆ ಗೊತ್ತಾದದ್ದು ಸುಗುಣ ತನ್ನನ್ನು ನೋಡುತ್ತಿದ್ದ ರೀತಿಯಿಂದ. ಸಾವಿನ ಮನೆಯಂಗಳದಲ್ಲಿ ನಿಂತು ಅವಳು ನಕ್ಕಿದ್ದಳು. ಪೂರಾ ನಗುವಲ್ಲ, ಆದರೆ ತುಟಿ ಅಗಲವಾಗಿತ್ತು. ಸತ್ತವಳು ಯಾವ ಅಪ್ಪಿ ಎಂದು ಕೂಡ ಕೇಳದೆ ನಕ್ಕಿದ್ದಳು. ಅಂಗೈಯಿಂದ ಬಾಯಿ ಒರೆಸಿಕೊಂಡು, ತಾನು ರಕ್ತ ಪರೀಕ್ಷೆಯ ಕಚೇರಿಯಿಂದ ಬಂದವಳು, ಈ ಮನೆಯಲ್ಲಿ ಇಬ್ಬರು ಅಪ್ಪಿ ಇದ್ದರಲ್ಲ, ಯಜಮಾನರ ತಂಗಿ ಎಲ್ಲಿ ಎಂದಳು.

"ಸಣ್ಣತ್ತೆಯಾ? ಒಳ್ಗ್ ಮಲ್ಗಿದ್ರ್," ಎಂದಳು ಸುಗುಣ. "ಅತ್ತೆ ಹೋದ್ ಮೇಲೆ ಅವ್ರ್ ಏಳೂದೇ ಕಮ್ಮಿ. ಉಂಡದ್ದ್ ನಿಲ್ತಿಲ್ಲೆ. ಕಾಲ್ ಬಾತಿತ್ತ್. ಬೇಜಾರ್ ಹಚ್ಕಂಡ್ರ್ ಅಂತ ನಾವ್ ಅಂದ್ಕಂಡದ್ದ್. ರಕ್ತ ಎಲ್ಲ ಸಮಾ ಇತ್ತಲೆ. ಫೋನ್ ಬರ್ಲಿಲ್ಲ ಅಂದ್ರೆ ಎಲ್ಲ ಸಮಾ ಇತ್ತ್ ಅಂದ್ಕಣಿ ಅಂತ ಆ ಹುಡ್ಗ ಹೇಳ್ ಹೋಯ್ದ."

ಆ ಮಾತನ್ನು ಹುಡುಗರಿಗೆ ಕಲಿಸಿದ್ದು ಕಚೇರಿಯೇ. ಎಲ್ಲರಿಗೂ ಫೋನ್ ಮಾಡುವಷ್ಟು ಜನ ಇರಲಿಲ್ಲ. ಆರು ತಿಂಗಳಿಂದ ಈ ಮನೆಯವರು ಆ ಮೌನವನ್ನೇ ನಂಬಿಕೊಂಡು ಕೂತಿದ್ದರು. ಕಾಲು ಬಾತರೂ, ಉಂಡದ್ದು ವಾಂತಿಯಾದರೂ ಡಾಕ್ಟರಲ್ಲಿಗೆ ಹೋಗಿರಲಿಲ್ಲ. ಸೌಮ್ಯಶ್ರೀಯ ಹೆದರಿಕೆ ಈಗ ಬೇರೆಯೇ ಆಯಿತು. ಬೆಳಿಗ್ಗೆಯಿಂದ ಇದ್ದದ್ದು ಸಿಕ್ಕಿಬೀಳುವ ಹೆದರಿಕೆ. ಇದು ಹಾಗಲ್ಲ. ಒಳಗಿನ ಕತ್ತಲೆಯಲ್ಲಿ ಮಲಗಿದವಳ ಉಸಿರು ಈ ಗಳಿಗೆ ಇದೆಯೋ ಇಲ್ಲವೋ ಎನ್ನುವುದು.

ಅಪ್ಪಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸುಗುಣ ಕರೆದಾಗ ಹೊರಳಿ ಎದ್ದು ಕೂತಳು. ಮುಖ ಊದಿ ಕಣ್ಣು ಸಣ್ಣದಾಗಿತ್ತು. ಸೌಮ್ಯಶ್ರೀ ನೆಲದ ಮೇಲೆ ಕೂತು, ನಿಮ್ಮ ರಕ್ತದಲ್ಲಿ ತೊಂದರೆ ಕಂಡಿದೆ, ಕಿಡ್ನಿ ಸರಿಯಿಲ್ಲ, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದಳು. ರಿಪೋರ್ಟು ತಡವಾಯಿತು ಎಂದೂ ಸೇರಿಸಿದಳು. ಅದೆಷ್ಟು ಸಲೀಸಾಗಿ ಬಾಯಿಂದ ಬಂತು. ಯಾರೂ ತಡ ಮಾಡದ ತಡ, ಮಳೆ ಬಂದ ಹಾಗೆ, ಕರೆಂಟು ಹೋದ ಹಾಗೆ.

ಸುಗುಣ ಸೊಂಟದ ಸೆರಗು ಬಿಚ್ಚಿ ಕೈ ಒರೆಸಿಕೊಂಡಳು. "ಆ ಹುಡ್ಗಂದೇ ಕೆಲ್ಸ ಅದ್. ಸಮಾ ಬರ್ಕಂಡೇ ಇಲ್ಲ. ಮೊಬೈಲ್ ಕಾಣ್ತಾ ಬರೀತಿದ್ದ. ಅವನ್ ಇಲ್ಲೇ ಬೈಂದೂರಂಗೆ ತಿರ್ಗ್ತಾ ಇದ್ದ ಈಗ. ನಮ್ಮನಿಯವ್ರ್ ಹೋಯ್ ಕೇಂತ್ರ್ ಅವನ್ನ."

ಸುಮ್ಮನಿರುವುದು ಎಷ್ಟು ಸುಲಭವೆಂದು ಸೌಮ್ಯಶ್ರೀಗೆ ಈ ಒಂದು ದಿನದಲ್ಲಿ ಗೊತ್ತಾಗಿತ್ತು. ರತನ್ ಬೈಕ್ ನಿಲ್ಲಿಸಿ ರಸ್ತೆಬದಿಯಲ್ಲಿ ನಿಂತಿರುವುದು ಮನಸ್ಸಿನಲ್ಲಿ ಕಾಣಿಸಿತು. ಅವನ ಮುಂದೆ ಈ ಮನೆಯ ಗಂಡಸು, ಸುತ್ತ ನಾಲ್ಕು ಜನ. ತಪ್ಪಾಯ್ತು ಎಂದುಬಿಡುತ್ತಾನೆ ಅವನು. ಮಾಡದ್ದಕ್ಕೂ ಎಂದುಬಿಡುತ್ತಾನೆ.

"ಅವ ಸಮಾ ಬರ್ದಿದ್ದ," ಎಂದಳು. ಕಚೇರಿಯ ಕನ್ನಡ ಬಿಟ್ಟುಹೋಗಿತ್ತು. "ಇಬ್ರದ್ದೂ ಬರ್ದಿದ್ದ. ಅಳ್ಸಿದ್ದ್ ನಾನ್. ಹೆಸ್ರ್ ಒಂದೇ, ಪ್ರಾಯ ಒಂದೇ, ಮನಿ ಒಂದೇ. ಒಬ್ರೇ ಎರಡ್ ಸಲ ಬಂದ್ರ್ ಅಂದ್ಕಂಡೆ. ಕೇಣ್ಲಿಲ್ಲ. ಕಾಣ್ಲಿಲ್ಲ. ಕಂಪ್ಯೂಟರ್‌ಗೆ ಹೇಳಿಟ್ಟೆ, ಅದ್ ತೆಗ್ದ್ ಹಾಕ್ತ್."

ಸುಗುಣಳ ಮುಖದಲ್ಲಿ ಮೊದಲು ಅರ್ಥವಾಗದ್ದು ಬಂತು, ಆಮೇಲೆ ಅರ್ಥವಾದದ್ದು. "ನೀವ್ ಅಂಗಳದಂಗೆ ನೆಗ್ಯಾಡಿದ್ದ್ ಇದ್ಕಾ?" ಎಂದಳು. ಜೋರಾಗಿ ಅಲ್ಲ. ಸೌಮ್ಯಶ್ರೀಗೆ ತಲೆಯೆತ್ತಲಾಗಲಿಲ್ಲ. ಆಮೇಲೆ ಮಾತಾಡಿದ್ದು ಅಪ್ಪಿ. "ನನ್ನ್ ಅಳ್ಸಿದ್ದಾ, ಅತ್ಗಿನ್ನಾ?"

"ನಿಮ್ಮನ್ನ."

"ಹಾಂಗಾರೆ ಅತ್ಗಿ ರಕ್ತ ಸಮಾ ಇತ್ತಾ?"

"ಇತ್ತ್."

"ಅದ್ ಅವ್ಳಿಗ್ ಹೇಳ್ಲಕ್ಕಿತ್ತ್," ಎಂದಳು ಅಪ್ಪಿ. "ಸೂಜಿ ಚುಚ್ಚಿದ್ ದಿನದಿಂದ ಫೋನ್ ಹಿಡ್ಕಂಡೇ ತಿರ್ಗ್ತಿದ್ಲ್. ಮೀಯೂಕ್ ಹೋಪತಿಗೂ ಬಾಗ್ಲಂಗೆ ಇಟ್ಕಂತಿದ್ಲ್. ಈಗ ಬತ್ತೋ, ನಾಳೆ ಬತ್ತೋ ಅಂತ. ನಂಗ್ ಹೆದ್ರಿಕೆ ಇರ್ಲಿಲ್ಲ. ಅವ್ಳಿಗೇ ಇದ್ದದ್ದ್."

ಆಟೋ ಸಿಕ್ಕಿ ಕುಂದಾಪುರದ ಆಸ್ಪತ್ರೆ ತಲಪುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸುಗುಣ ಅಪ್ಪಿಯನ್ನು ಒರಗಿಸಿಕೊಂಡು ಕೂತಿದ್ದಳು. ಸೌಮ್ಯಶ್ರೀಯ ಜೊತೆ ಮತ್ತೆ ಮಾತಾಡಲಿಲ್ಲ, ಇಳಿಯುವಾಗ ಅವಳು ಚಾಚಿದ ಕೈಯನ್ನೂ ಹಿಡಿಯಲಿಲ್ಲ. ರಕ್ತ ತೆಗೆದುಕೊಂಡು ಹೋದ ಮೇಲೆ ಸೌಮ್ಯಶ್ರೀ ಮೊಗಸಾಲೆಗೆ ಬಂದು ರಾಜೇಂದ್ರ ಡಾಕ್ಟರಿಗೆ ಫೋನ್ ಮಾಡಿ, ಬೆಳಿಗ್ಗೆ ಹೇಳದೆ ಬಿಟ್ಟದ್ದನ್ನೆಲ್ಲ ಹೇಳಿದಳು.

"ಯಾರಿಗೆಲ್ಲ ಹೇಳಿದ್ದೀರಿ ಇದನ್ನ?"

"ಅವರಿಗೇ ಸರ್. ಮನೆಯವರಿಗೆ."

"ನನ್ನನ್ನ ಕೇಳದೆ?"

"ಹೌದು ಸರ್."

"ನಾಳೆ ಮಾತಾಡ್ವ," ಎಂದು ಅವರು ಇಟ್ಟರು. ದನಿ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಆಸ್ಪತ್ರೆಯ ಡಾಕ್ಟರು ವಿನಯಾ ಎಂಬವರು. ವಯಸ್ಸಿನಲ್ಲಿ ಸೌಮ್ಯಶ್ರೀಗಿಂತ ಬಹಳ ದೊಡ್ಡವರಲ್ಲ. ಹಳೆಯ ಅಂಕಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಇನ್ನೂ ಏರಿತ್ತು. ಡಯಾಲಿಸಿಸ್ ಬೇಕಾಗುತ್ತದೆ, ಇವತ್ತೇ ಒಳಗೆ ಮಲಗಿಸೋಣ ಎಂದರು. ಅವರು ಹೊರಟಾಗ ಸೌಮ್ಯಶ್ರೀ ಹಿಂದೆಯೇ ಹೋದಳು.

"ಆಗಲೇ ಬಂದಿದ್ದರೆ? ಆರು ತಿಂಗಳು ಮೊದಲು ಔಷಧಿ ಶುರು ಮಾಡಿದ್ದರೆ ಇದು ತಪ್ಪುತ್ತಿತ್ತಾ?"

"ತಪ್ಪಿದರೂ ತಪ್ಪಬಹುದಿತ್ತು. ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತೋ ಏನೋ. ಒಬ್ಬೊಬ್ಬರ ವಿಷಯದಲ್ಲಿ ಹೇಳೂಕಾಗುದಿಲ್ಲ."

"ಅಂದಾಜು?"

"ನೀವೇ ಅಂಕಿಅಂಶದ ಕೆಲಸ ಮಾಡುವವರಲ್ವಾ," ಎಂದರು ವಿನಯಾ ಡಾಕ್ಟರು, ಚುಚ್ಚಬೇಕೆಂದೇನೂ ಅಲ್ಲ, ನಿಜವಾಗಿ ಆಶ್ಚರ್ಯಪಟ್ಟು. ಉತ್ತರಕ್ಕೆ ಕಾಯದೆ ಮುಂದಿನ ಹಾಸಿಗೆಗೆ ಹೋದರು. ಸಾವಿರ ಜನರಲ್ಲಿ ಎಷ್ಟು ಎಂದು ಕೇಳಿದರೆ ಸೌಮ್ಯಶ್ರೀ ದಶಾಂಶದ ಸಮೇತ ಹೇಳಬಲ್ಲಳು. ಮೊಗಸಾಲೆಯಲ್ಲಿ ಅವಳು ಬಹಳ ಹೊತ್ತು ನಿಂತಳು. ಹೌದು ಎಂದಿದ್ದರೆ ಅಳಬಹುದಿತ್ತು. ಇಲ್ಲ ಎಂದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಇದು ಯಾವತ್ತೂ ಗೊತ್ತಾಗುವುದಿಲ್ಲ ಎನ್ನುವುದು ನಿಧಾನವಾಗಿ ಮೈಗಿಳಿಯಿತು.

ಮರುದಿನ ಅವಳು ಎಲ್ಲವನ್ನೂ ಬರೆದುಕೊಟ್ಟಳು. ಸಂಶೋಧನೆಯ ತಪ್ಪುಒಪ್ಪು ನೋಡುವ ಸಮಿತಿಗೆ ಹೋಗುತ್ತದೆ ಎಂದರು. ಯಾರೂ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಬೆಳಿಗ್ಗೆ ಡೇಟಾಬೇಸು ಅವಳ ಪಾಸ್‌ವರ್ಡನ್ನು ಒಪ್ಪಲಿಲ್ಲ, ಅಷ್ಟೆ. ಅಕ್ಷರ ತಪ್ಪಿತೇನೋ ಎಂದು ಮತ್ತೆ ಮತ್ತೆ ಒತ್ತಿ ನೋಡಿದಳು. ಆ ಕೆಲಸವನ್ನು ಮಂಗಳೂರಿನ ಇನ್ನೊಬ್ಬರಿಗೆ ಕೊಟ್ಟಿದ್ದಾರೆ ಎಂದು ಆಮೇಲೆ ಯಾರೋ ಹೇಳಿದರು. ಇನ್ನು ಮುಂದೆ ರಕ್ತ ಸರಿಯಿದ್ದವರಿಗೂ ಫೋನ್ ಮಾಡಿ ಹೇಳಬೇಕೆಂದು ರಾಜೇಂದ್ರ ಡಾಕ್ಟರು ನಿಯಮ ಮಾಡಿದರು. ಆ ಫೋನುಗಳನ್ನು ಮಾಡುವ ಕೆಲಸ ಸೌಮ್ಯಶ್ರೀಯ ಪಾಲಿಗೆ ಬಂತು. ಅವಳು ಮೊದಲು ಮಾಡಿದ್ದು ರತನ್‌ಗೆ, ನೀನು ಬರೆದದ್ದು ಸರಿಯಾಗಿಯೇ ಇತ್ತು ಎಂದು. ಅವನು ಅಕ್ಕಾ ಎಂದು ಏನೋ ಹೇಳಹೊರಟು ನಿಲ್ಲಿಸಿ, ಆಯ್ತ್ ಮೇಡಮ್ ಎಂದ.

ಡಯಾಲಿಸಿಸ್ ವಾರಕ್ಕೆ ಎರಡು ಸಲ. ಮೀನಿನ ಕೆಲಸ ಬಿಟ್ಟು ಸುಗುಣಳಿಗೆ ಪ್ರತಿ ಸಲವೂ ಬರಲಾಗುತ್ತಿರಲಿಲ್ಲ. ಹೇಳದೆ ಕೇಳದೆ ಅದು ಸೌಮ್ಯಶ್ರೀಗೆ ಬಿತ್ತು. ಅವಳೊಬ್ಬಳೇ ಜೊತೆಗಿದ್ದ ಮೊದಲ ಸಲ ಅಪ್ಪಿ ಹಾಸಿಗೆಯ ಮೇಲೆ ಕಲ್ಲಿನಂತೆ ಮಲಗಿದ್ದಳು. ಕೊಳವೆಯಲ್ಲಿ ರಕ್ತ ಕೆಂಪಗೆ ಏರಿ ಯಂತ್ರದೊಳಗೆ ಹೋಗುವುದನ್ನು ನೋಡದಿರಲು ಮೇಲಿನ ಟ್ಯೂಬ್‌ಲೈಟನ್ನೇ ದಿಟ್ಟಿಸುತ್ತಿದ್ದಳು. ಕೈ ಮಾತ್ರ ಸೌಮ್ಯಶ್ರೀಯ ಮಣಿಕಟ್ಟನ್ನು ಹಿಡಿದಿತ್ತು. ತಣ್ಣಗಿನ, ಮೀನು ಮಗುಚಿ ಒರಟಾದ ಕೈ. ಹೊಸ ನರ್ಸೊಬ್ಬಳು ಬಂದು, ರೋಗಿಯ ಹತ್ತಿರ ಮನೆಯವರಷ್ಟೇ ಕೂರಬೇಕು, ನೀವು ಇವರಿಗೆ ಏನಾಗಬೇಕು ಎಂದಳು. ಸೌಮ್ಯಶ್ರೀ ಏಳಲು ಹೊರಟಳು.

"ನನ್ನ್ ಅಳ್ಸಿದ್ ಹೆಣ್ ಇದೇ," ಎಂದಳು ಅಪ್ಪಿ, ಟ್ಯೂಬ್‌ಲೈಟಿನಿಂದ ಕಣ್ಣು ತೆಗೆಯದೆ. ನರ್ಸಿಗೆ ಏನೂ ಅರ್ಥವಾಗಲಿಲ್ಲ. "ಇಲ್ಲೇ ಕೂಕಣ್ಲಿ. ಮಿಷಿನ್ ನಿಂತ್ ಹೋರೆ ಕೂಗೂಕೆ ಒಬ್ರ್ ಬೇಕಲೆ."

ಸೌಮ್ಯಶ್ರೀ ಕೂತಳು. ಯಂತ್ರದ ಮೇಲಿನ ಹಸಿರು ಅಂಕಿಗಳು ಬದಲಾಗುತ್ತಿದ್ದವು. ಯಾವುದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪಿಗೆ ನಿದ್ದೆ ಹತ್ತಿ ಹಿಡಿತ ಸಡಿಲವಾದ ಮೇಲೂ ಅವಳು ಕಣ್ಣು ಮಿಟುಕಿಸಲು ಹೆದರಿ ಅವುಗಳನ್ನೇ ನೋಡುತ್ತಿದ್ದಳು.